ಹದಿನೆಂಟು ಪಾಯಿಂಟ್ ಆರು

ಕಾಕಾ, ಶರಣು.

ಫೋನ್ ಎತ್ತಿದ ಕೂಡಲೇ ನೀನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮಳಿ ಎಷ್ಟಾಯ್ತು?" ಊಟ, ಮಕ್ಕಳು, ನನ್ನ ಬೆನ್ನುನೋವು ಎಲ್ಲ ಆಮೇಲೆ. ಸೇಡಂನಲ್ಲಿ ಮಳೆ ಬಂತು ಎಂದಷ್ಟೇ ಹೇಳಿದರೆ ನಿನಗೆ ಸಾಲುತ್ತಿರಲಿಲ್ಲ. ಎಷ್ಟು ಹೊತ್ತಿಗೆ ಶುರುವಾಯಿತು, ಗಾಳಿ ಯಾವ ಕಡೆಯದು, ಕಾಗಿಣಾ ನದಿಯ ನೀರು ಯಾವ ಬಣ್ಣಕ್ಕೆ ತಿರುಗಿದೆ, ಇವೆಲ್ಲ ಬೇಕು. ನಾನು ಮಕ್ಕಳಿಗೆ ಭೂಗೋಳ ಕಲಿಸುವವಳು, ಕಿಟಕಿ ಕೂಡ ತೆರೆಯದೆ ಮೊಬೈಲ್ ನೋಡಿ ಉತ್ತರ ಕೊಡುತ್ತಿದ್ದೆ. ನಿನಗೆ ಅದು ಹೇಗೋ ತಿಳಿದುಬಿಡುತ್ತಿತ್ತು. "ನೋಡಿ ಹೇಳ್ಲತ್ತೀಯೋ, ಓದಿ ಹೇಳ್ಲತ್ತೀಯೋ?" ಎಂದು ನೀನು ನಗುತ್ತಿದ್ದೆ. ನೀನು ಹೋಗಿ ಎರಡು ಮಳೆಗಾಲ ಕಳೆದವು. ಈಗಲೂ ಮೋಡ ಕವಿದರೆ ನನ್ನ ಕೈ ಫೋನಿನ ಕಡೆ ಹೋಗುತ್ತದೆ, ಆಮೇಲೆ...

ಈ ಪತ್ರವನ್ನು ನಾನು ನೀನಿದ್ದಾಗಲೇ ಬರೆಯಬೇಕಿತ್ತು. ನಿನ್ನ ಮಳೆಯ ವಹಿಯಲ್ಲಿ ಒಂದು ಅಂಕಿ ಇದೆ, ಅದನ್ನು ಬರೆದವಳು ನಾನು, ಅದು ಸುಳ್ಳು. ಆ ಒಂದು ಅಂಕಿಯಿಂದ ಒಬ್ಬ ಮನುಷ್ಯನ ಕಾಲು ಹೋಯಿತು, ನಿನ್ನ ಹೆಸರೂ ಹೋಯಿತು. ಇಪ್ಪತ್ತೇಳು ವರ್ಷ ಇದನ್ನು ಇಟ್ಟುಕೊಂಡು ನಿನ್ನ ಮನೆಯ ರೊಟ್ಟಿ ತಿಂದೆ, ಪ್ರತಿ ಪಂಚಮಿಗೆ ಬಂದು ನಿನ್ನ ಪಕ್ಕ ಕೂತೆ. ಹೇಳಬೇಕು ಎಂದುಕೊಂಡು ಬಂದು, ಹೇಳದೆ ಹೋದದ್ದು ಎಷ್ಟು ಸಲ?

ನನಗೆ ಮಳೆ ಅಳೆಯಲು ಕಲಿಸಿದ ಬೆಳಿಗ್ಗೆ ನಿನಗೆ ನೆನಪಿರಬಹುದು. ನಾನಾಗ ಐದನೆಯ ಕ್ಲಾಸು. ಅಪ್ಪನಿಗೆ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ, ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದ. ಪಂಚಮಿಗೆ ಮಾತ್ರ ಎಲ್ಲರೂ ಚಿಂಚೋಳಿಯ ಗುಡ್ಡದ ಬುಡದ ನಿಮ್ಮ ಊರಿಗೆ ಬರುತ್ತಿದ್ದೆವು. ನೀನು ಸರ್ಕಾರಿ ಬಂಗ್ಲೆಯ ಚೌಕೀದಾರ. ಕಸ ಹೊಡೆಸುವುದು, ಸಾಹೇಬರು ಬಂದರೆ ಕೀಲಿ ತೆಗೆಯುವುದು ನಿನ್ನ ಕೆಲಸ. ಅಂಗಳದ ಮಳೆಮಾಪಕವನ್ನು ಓದುವುದೂ ಅದರಲ್ಲಿ ಸೇರಿತ್ತು, ಆದರೆ ಉಳಿದದ್ದನ್ನೆಲ್ಲ ಅದಕ್ಕಾಗಿಯೇ ಮಾಡುತ್ತಿದ್ದೀಯೇನೋ ಅನ್ನಿಸುತ್ತಿತ್ತು. ಬೆಳಿಗ್ಗೆ ಎಂಟೂವರೆ, ಒಂದು ನಿಮಿಷ ಆಚೀಚೆ ಇಲ್ಲ. ಮೇಲಿನ ಬಟ್ಟಲು ತೆಗೆದು, ಒಳಗಿನ ಬಾಟಲಿಯ ನೀರನ್ನು ಗೀರು ಹಾಕಿದ ಗಾಜಿನ ಲೋಟಕ್ಕೆ ಸುರಿದು, ಕಣ್ಣು ನೀರಿನ ಸಮಕ್ಕೆ ಬರುವಂತೆ ನೀನು ಮೊಣಕಾಲೂರಿ ಕೂರುತ್ತಿದ್ದೆ. ಲೋಟ ತುಂಬಿದರೆ ಹತ್ತು ಮಿಲಿಮೀಟರ್. ಚೆಲ್ಲಿ ಇನ್ನೊಂದು ಲೋಟ ಸುರಿದು ಎಣಿಸಬೇಕು. ಒಂದು ದಿನ ಅಳೆಯಲು ಆಗದಿದ್ದರೆ ಏನು ಬರೆಯುತ್ತೀ ಎಂದು ನಾನು ಕೇಳಿದೆ. ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಳದಿದ್ದು ಬರಿ. ಅಳೀಲಿಲ್ಲ ಅಂದ್ರ ಗೆರಿ ಎಳಿ. ನಡುವ ನಿನ್ನ ಬುದ್ಧಿ ಹಾಕಬ್ಯಾಡ."

ಕಾಕಿಯ ಖಾನಾವಳಿಯ ಮುಂದೆ, ಬಸ್ಸು ನಿಲ್ಲುವಲ್ಲಿ, ನೀನು ಆ ಶಹಾಬಾದಿ ಕಲ್ಲನ್ನು ನಿಲ್ಲಿಸಿದ್ದನ್ನೂ ನಾನು ನೋಡಿದ್ದೇನೆ. ಅದು ಇಲಾಖೆ ಹೇಳಿದ ಕೆಲಸವಲ್ಲ. ಬಂಗ್ಲೆಯ ನೆಲಕ್ಕೆ ಹಾಸಿ ಉಳಿದ ಒಂದು ಪರ್ಸಿ, ನಿನ್ನ ಎದೆಯೆತ್ತರ. ಮೇಲೆ ಬಿಳಿ ಬಣ್ಣದಲ್ಲಿ "ಗುಡ್ಡದ ಹವಾ" ಎಂದು ಬರೆಸಿ, ಕೆಳಗೆ ಸೀಮೆಸುಣ್ಣಕ್ಕೆ ಜಾಗ ಬಿಟ್ಟಿದ್ದೆ. ಶ್ರಾವಣದಲ್ಲಿ ಗುಡ್ಡದ ಮೇಲಿನ ದೇವರಿಗೆ ನಡೆದು ಹೋಗುವವರು, ಸೌದೆಗೆ, ಜೇನಿಗೆ, ಮೇವಿಗೆ ಹೋಗುವವರು, ಗುಡ್ಡ ದಾಟಿ ಆ ಕಡೆಯ ತೆಲುಗು ಊರುಗಳಿಗೆ ಕಾಲುದಾರಿಯಲ್ಲಿ ನೆಂಟಸ್ತನಕ್ಕೆ ಹೋಗುವವರು, ಎಲ್ಲರೂ ನಿಂತು ಓದುತ್ತಿದ್ದರು. ಓದಲು ಬಾರದವರು ಕಾಕಿಯನ್ನು ಕೇಳುತ್ತಿದ್ದರು. ಹಳ್ಳ ದಾಟಬಹುದು, ದಾಟಬಾರದು, ಇಷ್ಟು ಹೊತ್ತಿನೊಳಗೆ ಇಳಿದು ಬರಬೇಕು. ಮಳೆ ಇಪ್ಪತ್ತೈದು ಮಿಲಿಮೀಟರ್ ಮೀರಿದರೆ ಹಳ್ಳ ದಾಟುವಂತಿಲ್ಲ ಎಂಬುದು ನಿನ್ನ ಲೆಕ್ಕ. ಅದೊಂದೇ ಅಲ್ಲ. ಮೇಲಿನ ಊರಿನಿಂದ ಇಳಿದು ಬರುವ ಮೊದಲ ಬಸ್ಸಿನ ಗಾಲಿ ನೋಡುತ್ತಿದ್ದೆ, ಕೆಂಪು ಕೆಸರು ಎಷ್ಟು ಎತ್ತರಕ್ಕೆ ಸಿಡಿದಿದೆ, ಹಸಿಯೋ ಒಣಗಿದ್ದೋ ಎಂದು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ನಿನಗೆ ಮೇಲಿನ ಆಕಾಶದ ವರದಿ ಒಪ್ಪಿಸುತ್ತಿದ್ದ.

ಹದಿನಾಲ್ಕನೆಯ ವಯಸ್ಸಿಗೆ ನಿನ್ನ ಜೊತೆ ಮೊದಲ ಸಲ ಗುಡ್ಡ ಹತ್ತಿದಾಗ ನಾನು ಆ ಚಪ್ಪಟೆ ನೆತ್ತಿಯ ಮೇಲೆ ನಿಂತು ಇನ್ನೂ ಸ್ವಲ್ಪ ಹೊತ್ತು ಇರೋಣ ಎಂದು ಹಟ ಹಿಡಿದಿದ್ದೆ. ದೂರದಲ್ಲಿ ಒಂದೇ ಒಂದು ಮೋಡ ಹೂಕೋಸಿನ ಹಾಗೆ ಉಬ್ಬುತ್ತಿತ್ತು. ನೀನು ನನ್ನ ಜಡೆ ಹಿಡಿದು ಇಳಿಸಿದೆ. "ಇಲ್ಲಿ ಗಿಡಾ ಇಲ್ಲ, ಮನಿ ಇಲ್ಲ. ಎಲ್ಲಕ್ಕಿಂತ ಎತ್ತರ ನಾವಿಬ್ಬರೇ ಇದೀವಿ. ಸಿಡ್ಲಿಗೆ ಇನ್ನೇನ್ ಅಡ್ರೆಸ್ ಬರದು ಕೊಡಬೇಕೇನು?" ಅರ್ಧ ದಾರಿ ಇಳಿಯುವಷ್ಟರಲ್ಲಿ ಹಿಂದೆ ಗುಡುಗಿತು. ಹಳ್ಳದ ದಂಡೆಯಲ್ಲಿ ಬುತ್ತಿ ಬಿಚ್ಚುವ ಮೊದಲು ನೀನು ನೀರಿನ ಅಂಚಿಗೆ ಒಂದು ಕಲ್ಲಿಟ್ಟೆ. ಊಟ ಮುಗಿಯುವುದರೊಳಗೆ ಕಲ್ಲು ನೀರಿನೊಳಗೆ ಹೋಗಿದ್ದರೆ ದಾಟುವ ಮಾತಿಲ್ಲ. ಮೊದಲು ಒಣ ಎಲೆ ಬರುತ್ತವೆ, ಆಮೇಲೆ ಬಣ್ಣ, ಆಮೇಲೆ ಸಪ್ಪಳ, ಸಪ್ಪಳ ಬಂದ ಮೇಲೆ ಓಡಿದರೆ ಉಪಯೋಗವಿಲ್ಲ. ನಮ್ಮ ನೆತ್ತಿಯ ಮೇಲೆ ಬಿಸಿಲಿದ್ದರೂ ಹಳ್ಳಕ್ಕೆ ಗೊತ್ತಿರುವುದು ಅದರ ಮೇಲ್ಗಡೆಯ ಆಕಾಶ ಮಾತ್ರ ಎಂದು ನೀನು ಹೇಳಿದ್ದನ್ನು ನಾನು ಈಗ ಒಂಬತ್ತನೆಯ ಕ್ಲಾಸಿಗೆ ಇಂಗ್ಲಿಷಿನಲ್ಲಿ ಹೇಳುತ್ತೇನೆ. ನಿನ್ನಷ್ಟು ಚೆನ್ನಾಗಿ ಬರುವುದಿಲ್ಲ.

ಇನ್ನು ಆ ಸೋಮವಾರ. ಪಂಚಮಿ ಮುಗಿದಿತ್ತು, ನನಗೆ ಹದಿನೇಳು, ಮರುದಿನ ಕಾಲೇಜಿಗೆ ಹೋಗಬೇಕು. ನಿನಗೆ ಜ್ವರ. ಎರಡು ಕಂಬಳಿ ಹೊದ್ದು ಮಲಗಿದ್ದವನು ಎಂಟೂ ಇಪ್ಪತ್ತಕ್ಕೆ ಸರಿಯಾಗಿ ಎದ್ದು ಕೂತು ಚಪ್ಪಲಿ ಹುಡುಕಿದೆ. ಕಾಕಿ ಬೈದಳು. ಆಗ ನೀನು ನನ್ನ ಕಡೆ ತಿರುಗಿ, "ಇವತ್ತು ನೀ ಓದಿ ಬಾ, ಶೈಲೂ. ಕಾನ್ವೆಂಟ್ ಹುಡುಗಿ ಓದಿದ್ದು ತಪ್ಪಂಗಿಲ್ಲ" ಎಂದೆ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಜಿನುಗುವ ಮಳೆಯಲ್ಲೇ ಬಂಗ್ಲೆಗೆ ಓಡಿದೆ. ಮೊದಲ ಲೋಟ ಸುರಿದೆ, ತುಂಬಿತು, ಹತ್ತು. ಚೆಲ್ಲಿದೆ. ಎರಡನೆಯದಕ್ಕೆಂದು ಬಾಟಲಿ ಎತ್ತಿದೆ, ಅದು ಎಂದಿಗಿಂತ ಭಾರವಾಗಿತ್ತು, ಕೈ ಒದ್ದೆಯಾಗಿತ್ತು. ಬಾಟಲಿ ಜಾರಿ ಹುಲ್ಲಿನ ಮೇಲೆ ಮಲಗಿತು. ನಾನು ನೋಡುತ್ತಿದ್ದಂತೆ ನೀರೆಲ್ಲ ನೆಲಕ್ಕಿಳಿಯಿತು.

ಆ ಹುಲ್ಲಿನ ಮುಂದೆ ಎಷ್ಟು ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದೆನೋ. ಗೆರೆ ಎಳೆಯಬೇಕೆಂದು ಗೊತ್ತಿತ್ತು. ಆದರೆ ಗೆರೆ ಎಂದರೆ ಕಾನ್ವೆಂಟ್ ಹುಡುಗಿ ಚೆಲ್ಲಿದಳು ಎಂದು ಊರಿಗೆಲ್ಲ ಹೇಳಿದಂತೆ. ದೊಡ್ಡ ಅಂಕಿ ಬರೆದರೆ ನೀನು ಜ್ವರದಲ್ಲೇ ಎದ್ದು ಬರುತ್ತೀ, ಹುಲ್ಲು ನೋಡುತ್ತೀ. ಯಾರೂ ಎರಡನೆಯ ಪ್ರಶ್ನೆ ಕೇಳದಂಥ ಅಂಕಿ ಬೇಕಿತ್ತು ನನಗೆ. ಹದಿನೆಂಟು ಎಂದು ಬರೆದೆ. ಬರೆದ ಮೇಲೆ ಅದು ಊಹೆಯ ಹಾಗೆ ಕಂಡಿತು. ಅದಕ್ಕೆ ಪಕ್ಕದಲ್ಲಿ ಪಾಯಿಂಟ್ ಆರು ಸೇರಿಸಿದೆ. ಕಾಕಾ, ಹದಿನೆಂಟನ್ನಾದರೂ ಕ್ಷಮಿಸಬಹುದೇನೋ, ಆ ಪಾಯಿಂಟ್ ಆರನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ನಿನ್ನನ್ನು ಹಾಸಿಗೆಯಿಂದ ಏಳಿಸಬಾರದೆಂದು ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜ ಇದ್ದಿರಬಹುದು. ಎಷ್ಟು ಸ್ವಲ್ಪ ಎಂದು ಅಳೆಯಲು ಲೋಟವಿಲ್ಲ.

ಒಳಗೆ ಬಂದು ಅಂಕಿ ಹೇಳಿದಾಗ ನೀನು ಕಂಬಳಿ ಸರಿಸಿದೆ. "ಇಷ್ಟೇ ಏನು? ತಗಡಿನ ಮ್ಯಾಲೆ ಸಪ್ಪಳ ಬ್ಯಾರೇ ಇತ್ತಲ್ಲ..." ಎಂದೆ. ಬಸ್ಸು ಬಂತೇ ಎಂದು ಕೇಳಿದೆ. ಇನ್ನೂ ಬಂದಿರಲಿಲ್ಲ. ನನ್ನ ಮುಖ ನೋಡಿದೆ. ನಾನು ಮುಖ ತಿರುಗಿಸಲಿಲ್ಲ, ಅದೊಂದು ಕಲೆ ಆ ದಿನವೇ ಕಲಿತೆ. ನಿನ್ನ ಕಿವಿಗಿಂತ ನನ್ನ ಓದನ್ನು ನಂಬಿ, "ದಾಟಬಹುದು, ಎರಡರೊಳಗ ಇಳೀರಿ ಅಂತ ಬರಿ" ಎಂದೆ. ನಾನೇ ಹೋಗಿ ಕಲ್ಲಿನ ಮೇಲೆ ಬರೆದೆ. ಬರೆದು ಕೈ ಝಾಡಿಸುತ್ತಿರುವಾಗ ಭಂಕೂರಿನ ಹಣಮಂತ ತನ್ನ ಹೆಂಡತಿ ಸಿದ್ದಮ್ಮ ಮತ್ತು ಅಕ್ಕನ ಜೊತೆ ಬಂದು ನಿಂತ. ದೇವರಿಗೆ ನಡೆದು ಹೋಗುವವರು, ಉಪವಾಸ, ಬರಿಗಾಲು. ಅವನದು ಶಹಾಬಾದಿ ಕಲ್ಲು ಕೊರೆದು ನಯ ಮಾಡುವ ಕೆಲಸವಂತೆ. ಪರ್ಸಿಯ ಮೇಲೆ ಕೈಯಾಡಿಸಿ, ಇದು ನಮ್ಮ ಕಡೀ ಕಲ್ಲು ಎಂದು ಸಂತೋಷಪಟ್ಟ. ಆಮೇಲೆ ನನ್ನನ್ನು ಕೇಳಿದ: "ದಾಟಬಹುದಾ, ತಂಗಿ?"

"ಬರದದಲ್ರಿ" ಎಂದೆ ನಾನು.

ಮಧ್ಯಾಹ್ನ ಬಿಸಿಲು ಬಿದ್ದಿತ್ತು. ಆ ಬಿಸಿಲಲ್ಲೇ ಹಳ್ಳ ಏರಿತು. ದೇವರ ದರ್ಶನ ಮುಗಿಸಿ ಬಂದವರು ಆಚೆ ದಂಡೆಯಲ್ಲಿ ಸಿಕ್ಕಿಕೊಂಡರು. ಹಣಮಂತ ಸೊಂಟದುದ್ದ ನೀರಿಗಿಳಿದು ದಾರಿ ನೋಡಲು ಹೋದ, ನೀರಿನಡಿ ಉರುಳಿ ಬಂದ ಬಂಡೆ ಮೊಣಕಾಲಿಗೆ ಬಡಿಯಿತು. ಹೆಂಗಸರಿಬ್ಬರೂ ಅವನನ್ನು ಎಳೆದು ಮೇಲೆ ಹಾಕಿದರು. ಸುದ್ದಿ ತಿಳಿದು ನೀನು ಕಂಬಳಿ ಹೊದ್ದುಕೊಂಡೇ ಓಡಿದೆ, ಈಚೆ ದಂಡೆಯಲ್ಲಿ ನಿಂತು ದನಿ ಒಡೆಯುವವರೆಗೂ ಕೂಗಿ ಹೇಳಿದೆ, ಇಳೀಬ್ಯಾಡ್ರಿ, ಕುಂದ್ರಿ, ನೀರು ಇಳೀತದ, ನಾ ಇಲ್ಲೇ ಇದೀನಿ ಎಂದು. ಮರುದಿನ ಬೆಳಿಗ್ಗೆ ನೀರಿಳಿದ ಮೇಲೆ ಹೊರಸಿನ ಮೇಲೆ ಹೊತ್ತು ತಂದರು. ಜೀವ ಉಳಿಯಿತು. ಮೊಣಕಾಲು ಮತ್ತೆ ಮಡಚಲಿಲ್ಲ.

ನಿನ್ನನ್ನು ಯಾರೂ ಹೊಡೆಯಲಿಲ್ಲ, ದೂರು ಕೊಡಲಿಲ್ಲ. ಹೊರಸಿನ ಮೇಲೆ ಮಲಗಿದ್ದ ಹಣಮಂತ ನಿನ್ನನ್ನು ನೋಡಿ, ನಿನ್ನ ಕಲ್ಲಿಗಿಂತ ಹಳ್ಳದ ಕಲ್ಲು ಖರೆ ಹೇಳ್ತದ ಎಂದನಂತೆ. ಅಷ್ಟೇ. ಆದರೆ ಆ ಮಾತು ಬಸ್ಸು ಹತ್ತಿ ಊರೂರಿಗೆ ಹೋಯಿತು. ಯಾರಾದರೂ ಹುಸಿ ಭರವಸೆ ಕೊಟ್ಟರೆ ನಿನ್ನ ಹೆಸರು ಹಿಡಿದು "ಏನ್, ಗುಂಡಪ್ಪನ ಕಲ್ಲೇನು?" ಎಂದು ಕೇಳುವುದು ರೂಢಿಯಾಯಿತು. ನೀನು ಕಲ್ಲನ್ನು ಕಿತ್ತು ಹಿತ್ತಲಿಗೆ ತಂದು ಮುಖ ಕೆಳಗೆ ಮಾಡಿ ಹಾಕಿದೆ. ಕಾಕಿ ಅದರ ಮೇಲೆ ಬಟ್ಟೆ ಒಗೆದಳು. ಮಳೆ ಓದುವುದನ್ನು ಮಾತ್ರ ಬಿಡಲಿಲ್ಲ ನೀನು. ಬಂಗ್ಲೆಗೆ ತಾನೇ ಓದಿ ತಾನೇ ಕಳಿಸುವ ಯಂತ್ರ ಬಂದ ಮೇಲೆ ಹಳೆಯ ಮಾಪಕವನ್ನು ಕೇಳಿ ಪಡೆದು ಮನೆಯ ಅಂಗಳದಲ್ಲಿ ನೆಟ್ಟೆ. ಯಾರಿಗಾಗಿ ಓದುತ್ತಿದ್ದೆ? ಆ ಸೋಮವಾರದ ಬಗ್ಗೆ ಒಂದು ಸಲವೂ ನೀನು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ, ಅಥವಾ...

ಈ ಶ್ರಾವಣದ ಮೊದಲ ಭಾನುವಾರ ನಮ್ಮ ಶಾಲೆಯ ನಾಲ್ವರು ಟೀಚರುಗಳನ್ನು ಗುಡ್ಡಕ್ಕೆ ಕರೆದುಕೊಂಡು ಬಂದೆ. ಅವರಿಗೆ ಬಹಳ ದಿನದ ಆಸೆ. ಈಗ ಗುಡ್ಡಕ್ಕೆ ನಡೆಯಲು ಬರುವವರು ಬೇರೆ ಥರದವರು, ಕಾಕಾ. ಕಲಬುರಗಿಯಿಂದ, ಹೈದರಾಬಾದಿನಿಂದ ಬೈಕುಗಳಲ್ಲಿ ಬರುತ್ತಾರೆ, ಬೆನ್ನಿಗೆ ಡೇರೆ ಕಟ್ಟಿಕೊಂಡು. ಎಲ್ಲರ ಕೈಯಲ್ಲೂ ಹವಾಮಾನ ಇದೆ. ನಮ್ಮ ನಿರ್ಮಲಾ ಮೇಡಂ ಹಳ್ಳದ ದಂಡೆಯಲ್ಲಿ ನಿಂತು ಫೋನ್ ತೋರಿಸಿದರು: ಚಿಂಚೋಳಿ, ತುಂತುರು ಮಳೆ, ಒಂದು ಪಾಯಿಂಟ್ ಎರಡು ಮಿಲಿಮೀಟರ್. ಆ ಪಾಯಿಂಟ್ ಎರಡನ್ನು ನಾನು ಮತ್ತೊಮ್ಮೆ ಓದಿದೆ. ಅದು ಸುಳ್ಳೇನಲ್ಲ, ತಾಲ್ಲೂಕಿನ ಊರಿಗೆ ಲೆಕ್ಕ ಹಾಕಿ ಹೇಳಿದ್ದು. ಹಳ್ಳ ಹುಟ್ಟುವ ಜಾಗ ಆ ಲೆಕ್ಕದಲ್ಲಿದೆಯೇ ಎಂದು ನನಗೆ ಗೊತ್ತಿರಲಿಲ್ಲ. ಮೇಲಿನ ಊರಿನಲ್ಲಿ ಚಹದಂಗಡಿ ಇಟ್ಟಿರುವ ಎಲ್ಲಮ್ಮನಿಗೆ ಫೋನ್ ಮಾಡಿದೆ. ಅವಳು ಅರ್ಧ ತೆಲುಗು ಅರ್ಧ ಕನ್ನಡದವಳು, ನಿನಗೆ ಗೊತ್ತಲ್ಲ. "ಇಕ್ಕಡ ಫುಲ್ ವಾನ, ಅಕ್ಕಾ. ಮಳಿ ಬಿಡವಲ್ದು, ಒಲಿ ಸುದ್ದಾ ಹತ್ತಿಲ್ಲ" ಎಂದಳು. ನಮ್ಮ ನೆತ್ತಿಯ ಮೇಲೆ ಚುರುಗುಟ್ಟುವ ಬಿಸಿಲು. ನಾವು ದಾಟುವುದಿಲ್ಲ ಎಂದೆ. ನಿರ್ಮಲಾ ಮೇಡಂ ಮುಖ ಗಂಟಿಕ್ಕಿದರು. ನೀರಿನ ಅಂಚಿಗೆ ಕಲ್ಲಿಟ್ಟು ಬುತ್ತಿ ಬಿಚ್ಚಿದೆವು. ಶೇಂಗಾ ಹಿಂಡಿ ರೊಟ್ಟಿ ಮುಗಿಯುವ ಮೊದಲೇ ಒಣ ಎಲೆಗಳು ತೇಲಿ ಬಂದವು, ಆಮೇಲೆ ನೀರು ಚಹದ ಬಣ್ಣಕ್ಕೆ ತಿರುಗಿತು, ಆಮೇಲೆ ಕಲ್ಲು ಕಾಣಲಿಲ್ಲ.

ಅಷ್ಟರಲ್ಲಿ ಆಡು ಮೇಯಿಸುವ ಮುದುಕಿಯೊಬ್ಬಳು ನಮ್ಮ ಹತ್ತಿರ ಬಂದು ನಿಂತಳು. ನಿರ್ಮಲಾ ಮೇಡಂ ಅವಳಿಗೆ ಫೋನ್ ತೋರಿಸಿ, ನೋಡವ್ವ, ಇದರಾಗ ಮಳಿ ಇಲ್ಲ ಅಂತ ಅದ ಎಂದರು. ಮುದುಕಿ ನಕ್ಕಳು. "ಅದನ್ನೇನ್ ನಂಬ್ತೀರಿ, ತಾಯಿ? ಗುಂಡಪ್ಪನ ಕಲ್ಲಿದ್ದಂಗ ಅದ ಅದು." ಗುಂಡಪ್ಪ ಯಾರು ಎಂದು ಮೇಡಂ ಕೇಳಿದರು. ಯಾರಿಗ್ಗೊತ್ತು, ಹಿಂದಕ ಯಾರೋ ಸುಳ್ಳ ಇದ್ದನಂತ ಎಂದು ಹೇಳಿ ಮುದುಕಿ ಆಡುಗಳ ಹಿಂದೆ ಹೋದಳು. ಕಾಕಾ, ನಿನ್ನನ್ನು ಕಂಡೇ ಇರದ ಒಬ್ಬಳಿಗೆ ನಿನ್ನ ಬಗ್ಗೆ ಗೊತ್ತಿದ್ದದ್ದು ಅದೊಂದೇ. ನಿನ್ನ ಬುದ್ಧಿಯಿಂದ ಐದು ಜನ ಈಚೆ ದಂಡೆಯಲ್ಲಿ ಒಣ ಬಟ್ಟೆಯಲ್ಲಿ ಕೂತಿದ್ದೆವು. ಆಗಲೂ ನಾನು ಬಾಯಿ ತೆರೆಯಲಿಲ್ಲ. ಬುತ್ತಿ ಕಟ್ಟಿದೆ. ಇದನ್ನೂ ನಿನಗೆ ಹೇಳಿಬಿಡಬೇಕು.

ಟೀಚರುಗಳನ್ನು ಬಸ್ಸು ಹತ್ತಿಸಿ ಕಾಕಿಯ ಖಾನಾವಳಿಗೆ ಬಂದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ, ಹುಲ್ಲು, ಬಾಟಲಿ, ಪಾಯಿಂಟ್ ಆರು. ಬಡಿಯುವ ಕೈ ಒಂದು ಸಲವೂ ನಿಲ್ಲಲಿಲ್ಲ. ರೊಟ್ಟಿ ಹಂಚಿಗೆ ಹಾಕಿದ ಮೇಲೆ ಅಂದಳು: "ಅದನ್ನ ಹೊಟ್ಟ್ಯಾಗ ಇಟ್ಕೊಂಡು ಇಷ್ಟು ವರ್ಷ ನನ್ನ ರೊಟ್ಟಿಗೆ ಜಾಗಾ ಎಲ್ಲಿ ಸಿಕ್ತು ನಿನಗ?" ನಾನು ಅತ್ತೆ. ಅವಳು ಅಳಲಿಲ್ಲ. ನನಗ ಹೇಳಿ ಏನ್ ಮಾಡ್ತಿ, ಕಾಲು ಹೋದಾವ ಭಂಕೂರಾಗ ಅದಾನ, ಅಲ್ಲಿ ಹೋಗು ಎಂದಳು. ಬಿಸಿ ರೊಟ್ಟಿ ಒಂದನ್ನು ಮಡಚಿ ನನ್ನ ಕೈಗೂ ಇಟ್ಟಳು, ಅದು ಬೇರೆ ಮಾತು.

ಭಂಕೂರಿಗೆ ಹೋಗಲು ಮತ್ತೆ ಒಂದು ವಾರ ತೆಗೆದುಕೊಂಡೆ. ಹಣಮಂತ ತಗಡಿನ ಕೆಳಗೆ ಎತ್ತರದ ಸ್ಟೂಲಿನ ಮೇಲೆ ಒಂದು ಕಾಲು ಉದ್ದಕ್ಕೆ ಚಾಚಿ ಕೂತು ಪರ್ಸಿಯ ಅಂಚು ಹೊಡೆಯುತ್ತಿದ್ದ. ತಲೆಯೆಲ್ಲ ಬೆಳ್ಳಗೆ, ಅದು ವಯಸ್ಸೋ ಕಲ್ಲಿನ ಪುಡಿಯೋ ತಿಳಿಯಲಿಲ್ಲ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಗುಂಡಪ್ಪನ ಅಣ್ಣನ ಮಗಳು, ಆ ದಿನ ಕಲ್ಲಿನ ಮುಂದೆ ನೀವು ಕೇಳಿದ ಹುಡುಗಿ ನಾನೇ ಎಂದೆ. ಕಲ್ಲು ಕೊರೆಯುವ ಚಾಣ ಕೆಳಗಿಟ್ಟ. ನಾನು ಹೇಳಿ ಮುಗಿಸುವವರೆಗೂ ತಡೆಯಲಿಲ್ಲ. ಸಿದ್ದಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಹಂಗಾದ್ರ ಅವತ್ತು ಖರೆ ಎಷ್ಟಿತ್ತು ಮಳಿ?" ಅವನು ಕೇಳಿದ್ದು ಅದನ್ನು.

"ಗೊತ್ತಿಲ್ಲ. ಚೆಲ್ಲಿಬಿಟ್ಟೆ. ಅದು ಇನ್ನು ಯಾರಿಗೂ ಗೊತ್ತಾಗೂದಿಲ್ಲ."

ಅವನು ತನ್ನ ಮೊಣಕಾಲನ್ನು ನೋಡಿಕೊಂಡ, ಅಲ್ಲಿ ಬರೆದಿದೆಯೇನೋ ಎಂಬಂತೆ. ಆಮೇಲೆ ನಿಧಾನವಾಗಿ ಹೇಳಿದ: "ಇಷ್ಟು ವರ್ಷ ನಿಮ್ಮ ಕಾಕಾಗ ಬೈದೀನಿ, ತಂಗಿ. ಮೆಟ್ಲ ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ. ಆ ಬೈಗಳ ಎಲ್ಲಾ ಈಗ ಯಾರಿಗೆ ಕೊಡ್ಲಿ?"

ನನಗೆ ಕೊಡಿ ಎಂದೆ. "ನಿಮಗ ಕೊಡಬೇಕಂದ್ರ ಮನಿಗಿ ಬಂದೀರಿ" ಎಂದು ಅವನು ಗೊಣಗಿದ. ಸಿದ್ದಮ್ಮ ಬಾಗಿಲಿಂದಲೇ, ಮೊದಲು ಚಾ ಕುಡೀಲಿ, ಬೈಯೂದು ಎಲ್ಲಿ ಓಡಿ ಹೋಗ್ತದ ಎಂದಳು. ಅವಳೇ ನೆನಪಿಸಿದ್ದು, ಆ ದಿನ ಜ್ವರದ ಮನುಷ್ಯ ಒಬ್ಬ ಈಚೆ ದಂಡೆಯಲ್ಲಿ ನಿಂತು ಕೂಗದಿದ್ದರೆ ತಾನೂ ಗಂಡನ ಅಕ್ಕನೂ ಗಾಬರಿಯಲ್ಲಿ ನೀರಿಗೆ ಇಳಿಯುತ್ತಿದ್ದೆವೆಂದು. ಹಣಮಂತ ತಲೆ ಎತ್ತದೆ ಚಹಾ ಕುಡಿದ. ಆ ಮಾತು ಹುಟ್ಟಿಸಿದಾವ ನಾನೇ, ಊರ ಬಾಯಿಗೆ ಹೋದದ್ದು ವಾಪಸ್ ಹ್ಯಾಂಗ ತರೂದು ಎಂದ. ಹೊರಡುವಾಗ ಆ ಪರ್ಸಿ ಏನಾಯಿತು ಎಂದು ಕೇಳಿದ. ಹಿತ್ತಲಲ್ಲಿ ಒಗೆಯುವ ಕಲ್ಲಾಗಿದೆ ಎಂದೆ. "ಒಗೀಲಿಕ್ಕ ಅದು ಭಾಳ ಚಲೋ ಕಲ್ಲಾಯ್ತು" ಎಂದ. ಬೈಯುವ ದನಿಯಲ್ಲೇ ಅಂದದ್ದು.

ಹೋದ ವಾರ ಅವನೇ ಬಂದ, ಟೆಂಪೊದಲ್ಲಿ, ತನ್ನ ಸಾಮಾನು ಕಟ್ಟಿಕೊಂಡು. ಹಿತ್ತಲಲ್ಲಿ ಕಲ್ಲು ಎಬ್ಬಿಸಿ ಮಗುಚಿದರೆ "ಗುಡ್ಡದ ಹವಾ" ಹಾಗೇ ಇದೆ, ಕಾಕಾ. ಮಣ್ಣು ಮೆತ್ತಿತ್ತು, ತೊಳೆದರೆ ಬಿಳಿ ಅಕ್ಷರ. ಹಣಮಂತ ಅದರ ಬುಡ ಸರಿ ಮಾಡಿ ಖಾನಾವಳಿಯ ಮುಂದೆ ಹಳೆಯ ಜಾಗದಲ್ಲೇ ನಿಲ್ಲಿಸಿದ. ದಿನಾ ಕಾಕಿ ಓದುವುದು, ಶನಿವಾರ ಭಾನುವಾರ ಜನ ಹೆಚ್ಚು ಬರುವುದರಿಂದ ನಾನು ಸೇಡಂನಿಂದ ಬರುವುದು, ಎಲ್ಲಮ್ಮ ಎಂಟು ಗಂಟೆಗೆ ಮೇಲಿನಿಂದ ಫೋನ್ ಮಾಡುವುದು ಎಂದು ಮಾತಾಯಿತು. ಕಾಕಿ ನೀನು ಹೋದ ದಿನದಿಂದ ಒಂದು ದಿನವೂ ಬಿಡದೆ ನಿನ್ನ ಮಾಪಕ ಓದಿ ನಿನ್ನ ವಹಿಯಲ್ಲೇ ಬರೆಯುತ್ತಿದ್ದಾಳೆ, ಇದು ನಿನಗೆ ಗೊತ್ತಿರಲಾರದು. ನಿನ್ನನ್ನು ನೀರು ಅಳೆಯುವ ಹುಚ್ಚ ಎಂದು ಕರೆಯುತ್ತಿದ್ದವಳು.

ಇವತ್ತು ಬೆಳಿಗ್ಗೆ ಮೊದಲ ಓದು. ಕಲ್ಲಿನ ಮುಂದೆ ಹತ್ತು ಹನ್ನೆರಡು ಜನ, ದೇವರಿಗೆ ಹೊರಟವರು, ಬೈಕಿನವರು, ನೋಡೋಣ ಎಂದು ನಿಂತ ಊರವರು. ಹಣಮಂತ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ನಾನು ಎಂಟೂವರೆಗೆ ಸರಿಯಾಗಿ ಅಂಗಳಕ್ಕೆ ಹೋದೆ. ನಿನ್ನ ಮಾಪಕ ಬೂದಿ ಹಾಕಿ ತಿಕ್ಕಿ ಥಳಥಳ ಹೊಳೆಯುತ್ತಿತ್ತು, ಮೂರು ಬೆರಳ ವಿಭೂತಿ, ಮೇಲೊಂದು ಕಣಗಿಲೆ ಹೂವು. ಬಾಟಲಿ ತೆಗೆದರೆ ಖಾಲಿ, ಒರೆಸಿ ಇಟ್ಟಂತೆ. ಇಡೀ ರಾತ್ರಿ ಮಳೆ ಬಂದಿತ್ತು. ಕಾಕಿಯನ್ನು ಕರೆದು ಕೇಳಿದೆ. ಮೊದಲನೇ ದಿನ ಅಂತ ಬೆಳಗಾಗೂದ್ರಾಗ ಎದ್ದು ತೊಳದೀನಿ, ಹಳೇ ನೀರಿಟ್ಟು ಪೂಜಿ ಮಾಡ್ಲಿಕ್ಕ ಬರ್ತದೇನು ಎಂದಳು. ಹೇಳುತ್ತ ಹೇಳುತ್ತಲೇ ಅವಳಿಗೆ ತಾನು ಏನು ಮಾಡಿದೆ ಎಂದು ತಿಳಿಯಿತು, ಸೆರಗು ಬಾಯಿಗೆ ಹೋಯಿತು. ಎರಡು ಮಳೆಗಾಲ ತಪ್ಪದೆ ಓದಿದ ಕೈ, ಪ್ರೀತಿ ಹೆಚ್ಚಾಗಿ ಇವತ್ತೇ ತಪ್ಪಬೇಕೇ? ಎಲ್ಲಮ್ಮನ ಫೋನ್ ಹತ್ತಲಿಲ್ಲ. ಬಸ್ಸೂ ಬಂದಿರಲಿಲ್ಲ.

ಸೀಮೆಸುಣ್ಣ ಹಿಡಿದು ಕಲ್ಲಿನ ಮುಂದೆ ನಿಂತಾಗ ಒಂದು ಕ್ಷಣ, ಒಂದೇ ಕ್ಷಣ, ನನ್ನ ತಲೆಯಲ್ಲಿ ಅಂಕಿಗಳು ಬಂದವು. ಮೂವತ್ತೊಂದು ಎಂದು ಬರೆದರೆ ಯಾರೂ ದಾಟುವುದಿಲ್ಲ, ಯಾರಿಗೂ ಅಪಾಯವಿಲ್ಲ, ಕಾಕಿಯ ಮಾನವೂ ಉಳಿಯುತ್ತದೆ. ನೀನಿದ್ದಿದ್ದರೆ ನನ್ನ ಮುಖ ನೋಡುತ್ತಿದ್ದೆ. ನಾನು ಒಂದು ಗೆರೆ ಎಳೆದೆ, ಕಾಕಾ. ಕೆಳಗೆ ಬರೆದೆ: ಅಳೆದಿಲ್ಲ, ನೀರು ಚೆಲ್ಲಿದೆ. ಗೊತ್ತಿಲ್ಲ. ಅದಕ್ಕೇ ಹಳ್ಳ ದಾಟಬೇಡಿ. ಬೈಕಿನ ಹುಡುಗರು ಗೊಣಗಿದರು, ಗೊತ್ತಿಲ್ಲ ಅಂತ ಬರೀಲಿಕ್ಕ ಇಷ್ಟು ದೊಡ್ಡ ಕಲ್ಲು ಬೇಕಿತ್ತೇನು ಎಂದು. ಹಣಮಂತ ಬೆಂಚಿನಿಂದ ಎದ್ದು, ಕೋಲೂರಿಕೊಂಡು ಬಂದು, ಒಂದೊಂದೇ ಅಕ್ಷರ ಓದಿದ. ಆಮೇಲೆ ಅವರ ಕಡೆ ತಿರುಗಿ ಹೇಳಿದ: "ಇದು ಗುಂಡಪ್ಪನ ಕಲ್ಲು. ಕುಂದ್ರಿ, ಚಾ ಕುಡೀರಿ." ಅವರು ಕೂತರು. ಹನ್ನೊಂದರ ಹೊತ್ತಿಗೆ ಬಸ್ಸು ಇಳಿದು ಬಂತು. ಕೆಸರು ಎಲ್ಲಿಯವರೆಗೆ ಇತ್ತೆಂದು ನಾನು ನೋಡಿದೆ, ಎಲ್ಲರಿಗೂ ಹೇಳಿದೆ. ಕಿಟಕಿಯವರೆಗೆ.

ಸಂಜೆ ನಿನ್ನ ಹಳೆಯ ವಹಿಗಳನ್ನು ತೆಗೆಸಿ ಆ ಸೋಮವಾರದ ಪುಟ ಹುಡುಕಿದೆ. ನನ್ನ ಕಾನ್ವೆಂಟ್ ಅಕ್ಷರದಲ್ಲಿ ಹದಿನೆಂಟು ಪಾಯಿಂಟ್ ಆರು. ಅದರ ಪಕ್ಕ ಪೆನ್ಸಿಲ್ಲಿನ ಒಂದು ಸಣ್ಣ ಚುಕ್ಕೆ. ಬೇರೆ ಯಾವ ಪುಟದಲ್ಲೂ ಅಂಥ ಚುಕ್ಕೆ ಕಾಣಲಿಲ್ಲ. ಅದು ನಿನ್ನ ಅನುಮಾನವೋ, ಪೆನ್ಸಿಲ್ ಸುಮ್ಮನೆ ತಾಗಿದ್ದೋ? ಗೊತ್ತಿದ್ದೂ ನೀನು... ಇದನ್ನೂ ನಾನು ಊಹಿಸಬಾರದು ಅಲ್ಲವೇ? ಆ ಅಂಕಿಯನ್ನು ಹೊಡೆದು ಹಾಕಿ, ಪಕ್ಕದಲ್ಲಿ ಗೆರೆ ಎಳೆದು, ನನ್ನ ಹೆಸರು ಬರೆದಿದ್ದೇನೆ. ಚುಕ್ಕೆಯನ್ನು ಮುಟ್ಟಿಲ್ಲ.

ಈಗ ತಗಡಿನ ಮೇಲೆ ಸಪ್ಪಳ ಶುರುವಾಗಿದೆ, ಗಾಳಿ ಮೂಡಣದ್ದು. ಕಾಕಿ ಹಿತ್ತಲಲ್ಲಿ ಒಗೆಯಲು ಕಲ್ಲಿಲ್ಲವೆಂದು ಬೈಯುತ್ತಿದ್ದಾಳೆ, ಹಣಮಂತ ಒಂದು ಕಳಿಸುತ್ತೇನೆ ಎಂದಿದ್ದಾನೆ. ಮಳೆ ಎಷ್ಟು ಎಂದು ಈಗಲೇ ಕೇಳಬೇಡ. ನಾಳೆ ಎಂಟೂವರೆಗೆ ಮೊಣಕಾಲೂರಿ ನೋಡಿ ಹೇಳುತ್ತೇನೆ.

ನಿನ್ನ ಶೈಲೂ